ಸ್ವಿಚ್ ಹಾಕುವ ಮುನ್ನ: ಹಳೆಯ ಮಿನಿ ಕಂಪ್ಯೂಟರುಗಳ ಪವರ್ ಸಪ್ಲೈ ಗುರುತಿಸುವ ಬಗೆ



ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದ ಕೂಡಲೇ ಇವತ್ತು ಎಲ್ಲರಿಗೂ ನೆನಪಾಗುವುದು ಹೆಲಿಕಾಪ್ಟರ್ ಕಾರ್ಖಾನೆ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಈ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಯಿತು. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಜಾಗ 615 ಎಕರೆ. 3 ಟನ್ ವರ್ಗದ, ಒಂದೇ ಎಂಜಿನ್ನಿನ ಲಘು ಹೆಲಿಕಾಪ್ಟರಿನಿಂದ ಇಲ್ಲಿಯ ಕೆಲಸ ಶುರು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಆ ಗೇಟಿನೊಳಗೆ ಒಂದು ಕೆಲಸ ಸಿಗಲಿ ಎಂದು ಆಸೆಯಿಂದ ಕಾಯುತ್ತಿದ್ದಾರೆ. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಇವತ್ತು ಮಾತಾಡುತ್ತಿದ್ದೇನೆ.

ಆದರೆ ವಿಷಯ ಹೆಲಿಕಾಪ್ಟರ್ ಅಲ್ಲ. ಹಳೆಯ ಮಿನಿ ಕಂಪ್ಯೂಟರುಗಳ ಪವರ್ ಸಪ್ಲೈ. ಹೊಸ ಹೆಲಿಕಾಪ್ಟರಿಗೂ ನಲವತ್ತೈವತ್ತು ವರ್ಷ ಹಳೆಯ ಕಂಪ್ಯೂಟರಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಇದೆ. ಎರಡರ ಒಳಗೂ ಹರಿಯುವುದು ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಸಿಗುವ 230 ವೋಲ್ಟ್, 50 ಹರ್ಟ್ಜ್ ವಿದ್ಯುತ್ತಲ್ಲ. ಒಳಗಿನ ಉಪಕರಣಗಳಿಗೆ ಬೇಕಾದ ವೋಲ್ಟೇಜೇ ಬೇರೆ, ಬಗೆಯೇ ಬೇರೆ. ಆ ಬದಲಾವಣೆ ಹೇಗೆ ನಡೆಯುತ್ತದೆ ಎಂಬುದು ಇಂದಿನ ಉಪಕರಣಗಳಲ್ಲಿ ಅಂಗೈಯಗಲದ ಬೋರ್ಡಿನೊಳಗೆ ಅಡಗಿಹೋಗಿದೆ. ಹಳೆಯ ಮಿನಿ ಕಂಪ್ಯೂಟರಿನಲ್ಲಿ ಪ್ರತಿಯೊಂದು ಭಾಗವೂ ಬಿಡಿಬಿಡಿಯಾಗಿ, ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ ಎಂದು ನಾನು ನಂಬಿದ್ದೇನೆ.

ಮಿನಿ ಎಂದರೆ ಚಿಕ್ಕದು ಎಂದುಕೊಳ್ಳಬೇಡಿ. ಕೋಣೆ ತುಂಬುವ ಯಂತ್ರಗಳ ಎದುರಿಗೆ ಮಾತ್ರ ಅದು ಚಿಕ್ಕದು. ಡಿಸ್ಕ್, ಟೇಪು ಎಲ್ಲ ಸೇರಿದರೆ ಮನೆಯ ಕಬ್ಬಿಣದ ಬೀರುವಿನಷ್ಟು ಎತ್ತರದ ಒಂದೆರಡು ಕಪಾಟುಗಳಾಗುತ್ತವೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪಿಡಿಪಿ-8, ಪಿಡಿಪಿ-11, ಡೇಟಾ ಜನರಲ್ ಕಂಪನಿಯ ನೋವಾ, ಹ್ಯೂಲೆಟ್ ಪ್ಯಾಕರ್ಡ್‌ನ 2100 ಈ ಜಾತಿಯವು. ನಮ್ಮ ದೇಶದಲ್ಲಿ ಹೈದರಾಬಾದಿನ ಇಸಿಐಎಲ್ ಸಂಸ್ಥೆ 1969ರಲ್ಲಿ ಟಿಡಿಸಿ-12 ಎಂಬ ಯಂತ್ರ ಕಟ್ಟಿತು. ಮುಂದೆ ಟಿಡಿಸಿ-312, ಟಿಡಿಸಿ-316 ಬಂದವು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಒಳ್ಳೆಯ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ ಮೊದಲು ಐಬಿಎಂ 360/44 ಯಂತ್ರದಿಂದ ನಡೆಯಿತು. 1980ರ ದಶಕದಲ್ಲಿ ಅಲ್ಲಿ ಡೆಕ್-1090 ಇತ್ತು. ಅದು ದೊಡ್ಡ ಯಂತ್ರ. ಅದನ್ನು ಎಬ್ಬಿಸಿ ನಡೆಸುವ ಮುಂಭಾಗದ ಕೆಲಸಕ್ಕೆಂದೇ ಆ ಮಾದರಿಯಲ್ಲಿ ಒಂದು ಪಿಡಿಪಿ-11/40 ಮಿನಿ ಕಂಪ್ಯೂಟರ್ ಸೇರಿಕೊಂಡಿರುತ್ತಿತ್ತು. ವಿಪ್ರೊ 1981ರಲ್ಲಿ ಇಂಟೆಲ್ 8086 ಚಿಪ್ ಇಟ್ಟು ಸೀರೀಸ್ 86 ಯಂತ್ರ ತಂದಿತು. ಇನ್ಫೋಸಿಸ್ 1984ರಲ್ಲಿ ಆಮದು ಮಾಡಿಕೊಂಡ ತನ್ನ ಮೊದಲ ಕಂಪ್ಯೂಟರು ಡೇಟಾ ಜನರಲ್‌ನ ಎಂವಿ/8000. ಇವು ಹೆಸರು ಉಳಿದ ಯಂತ್ರಗಳು. ಹೆಸರು ಉಳಿಯದ ಯಂತ್ರಗಳು, ಅವುಗಳ ಬಿಡಿಭಾಗಗಳು, ಪ್ರಿಂಟರುಗಳು, ಡಿಸ್ಕ್ ಡ್ರೈವುಗಳು ಕಾಲೇಜಿನ ಲ್ಯಾಬುಗಳಲ್ಲಿ, ಕಾರ್ಖಾನೆಗಳ ಸ್ಟೋರಿನಲ್ಲಿ ಧೂಳು ಹಿಡಿದು ಬಿದ್ದಿರುತ್ತವೆ. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ಏನು ಮಾಡಬೇಕು?

ಎಲ್ಲಕ್ಕಿಂತ ಮೊದಲು, ಪ್ಲಗ್ ಹಾಕಬೇಡಿ. ವರ್ಷಗಟ್ಟಲೆ ಸುಮ್ಮನೆ ಕೂತ ಯಂತ್ರಕ್ಕೆ ಒಮ್ಮೆಲೇ ಕರೆಂಟು ಕೊಟ್ಟರೆ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಅದರ ಪವರ್ ಸಪ್ಲೈ ಯಾವ ಬಗೆಯದು ಎಂದು ಗೊತ್ತಾಗುವವರೆಗೆ ಪ್ಲಗ್ ಗೋಡೆಯಿಂದ ದೂರವೇ ಇರಲಿ. ಗುರುತಿಸುವುದಕ್ಕೆ ಬೇಕಾದದ್ದು ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚು, ಒಂದು ಮಲ್ಟಿಮೀಟರ್ ಮತ್ತು ತಾಳ್ಮೆ.

ಮುಚ್ಚಳ ಬಿಚ್ಚಿ ಒಂದೇ ಒಂದು ಪ್ರಶ್ನೆಯಿಂದ ಶುರುಮಾಡಿ: ಗೋಡೆಯಿಂದ ಬಂದ ತಂತಿ ಸ್ವಿಚ್ಚು, ಫ್ಯೂಸು, ಫಿಲ್ಟರ್ ದಾಟಿ ಮೊದಲು ಎಲ್ಲಿಗೆ ಹೋಗುತ್ತದೆ? ನೇರವಾಗಿ ಕಬ್ಬಿಣದ ಪಟ್ಟಿಗಳ ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಹೋದರೆ ಅದು ಒಂದು ವಂಶ. ಟ್ರಾನ್ಸ್‌ಫಾರ್ಮರೇ ಇಲ್ಲದೆ ನೇರವಾಗಿ ರೆಕ್ಟಿಫೈಯರಿಗೆ, ಅಲ್ಲಿಂದ ಹೆಚ್ಚು ವೋಲ್ಟೇಜಿನ ಕೆಪಾಸಿಟರುಗಳಿಗೆ ಹೋದರೆ ಅದು ಇನ್ನೊಂದು ವಂಶ. ಅರ್ಧ ಗುರುತು ಇಲ್ಲಿಗೇ ಸಿಕ್ಕಿಹೋಗುತ್ತದೆ.

ಮೊದಲನೆಯ ವಂಶದಲ್ಲಿ ಮೂರು ಬಗೆಗಳಿವೆ.

ಒಂದು, ಲೀನಿಯರ್ ಸಪ್ಲೈ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಎಂಟೊಂಬತ್ತು ವೋಲ್ಟಿಗೆ ಇಳಿಸುತ್ತದೆ. ರೆಕ್ಟಿಫೈಯರ್ ಅದನ್ನು ಡಿಸಿ ಮಾಡುತ್ತದೆ. ಸೋಡಾ ಡಬ್ಬಿಯಷ್ಟು ದಪ್ಪದ, ಹತ್ತಾರು ಸಾವಿರ ಮೈಕ್ರೊಫ್ಯಾರಡ್‌ನ ಕೆಪಾಸಿಟರುಗಳು ಅಲೆಗಳನ್ನು ತಗ್ಗಿಸುತ್ತವೆ. ಕೊನೆಗೆ, ರೆಕ್ಕೆ ರೆಕ್ಕೆಯ ಹೀಟ್ ಸಿಂಕ್ ಮೇಲೆ ಕೂತ ಲೋಹದ ಟೋಪಿಯ ಟ್ರಾನ್ಸಿಸ್ಟರುಗಳು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆದು, ಸರಿಯಾಗಿ 5 ವೋಲ್ಟ್ ಕೊಡುತ್ತವೆ. 2ಎನ್3055 ಎಂಬ ಟ್ರಾನ್ಸಿಸ್ಟರಿನ ಹೆಸರು, 723 ಎಂಬ ರೆಗ್ಯುಲೇಟರ್ ಚಿಪ್ಪಿನ ಹೆಸರು ಅಲ್ಲಿ ಕಂಡರೆ ಅದು ಲೀನಿಯರ್ ಆಗಿರುವ ಸಂಭವ ಹೆಚ್ಚು. ಒಂದು ಲೆಕ್ಕ ಹಾಕಿ ನೋಡಿ. 9 ವೋಲ್ಟ್ ಒಳಗೆ ಬಂದು 5 ವೋಲ್ಟ್ ಹೊರಗೆ ಹೋಗುತ್ತಿದೆ, 25 ಆಂಪಿಯರ್ ಹರಿಯುತ್ತಿದೆ ಎಂದರೆ ಒಳಬಂದ 225 ವ್ಯಾಟ್‌ನಲ್ಲಿ ಕೆಲಸಕ್ಕೆ ಸಿಗುವುದು 125. ಉಳಿದ 100 ವ್ಯಾಟ್ ಬರೀ ಬಿಸಿ. ಹಳೆಯ ಯಂತ್ರಗಳಲ್ಲಿ ಅಷ್ಟು ದೊಡ್ಡ ಫ್ಯಾನುಗಳು ಯಾಕೆ, ಕಂಪ್ಯೂಟರ್ ಕೋಣೆಗೆ ಎಸಿ ಯಾಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ. ವ್ಯರ್ಥ ಹೆಚ್ಚಾದರೂ ಲೀನಿಯರ್ ಸಪ್ಲೈ ಕೊಡುವ ಡಿಸಿ ಬಹಳ ಶುದ್ಧ. ದುರಸ್ತಿಯೂ ಸುಲಭ.

ಎರಡನೆಯದು ಫೆರೊರೆಸೊನೆಂಟ್ ಸಪ್ಲೈ. ಹೆಸರು ಕೇಳಿ ಹೆದರಬೇಡಿ. ಎಂಬತ್ತರ ದಶಕದ ಲ್ಯಾಬುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹಳೆಯ ಪರಿಚಯ. ಕಂಪ್ಯೂಟರಿನ ಪಕ್ಕದಲ್ಲಿ ಗುಂಯ್ ಎನ್ನುತ್ತ ಕೂತಿರುತ್ತಿದ್ದ ಸಿವಿಟಿ, ಅಂದರೆ ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಇದೇ ತತ್ತ್ವದ್ದು. ಇದರಲ್ಲಿ ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಗೂ ಒಂದು ಎಸಿ ಕೆಪಾಸಿಟರಿಗೂ ಜೋಡಿ. ಅವೆರಡೂ ಅನುರಣಿಸಿ ಕಬ್ಬಿಣದ ತಿರುಳನ್ನು ತುಂಬಿದ ಸ್ಥಿತಿಯಲ್ಲಿಡುತ್ತವೆ. ಒಳಗೆ ಬರುವ ವೋಲ್ಟೇಜ್ ಏರಿದರೂ ಇಳಿದರೂ ಹೊರಗೆ ಹೋಗುವುದು ಹೆಚ್ಚು ಕದಲುವುದಿಲ್ಲ. ನೇರ ಸಿಡಿಲಿಗೆ ಅಲ್ಲದಿದ್ದರೂ, ಲೈನಿನಲ್ಲಿ ಬರುವ ಚಿಕ್ಕಪುಟ್ಟ ಹೊಡೆತಗಳಿಗೆ ಇದು ಜಗ್ಗುವುದಿಲ್ಲ. ಗುರುತು ಬಹಳ ಸ್ಪಷ್ಟ: ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಎಣ್ಣೆ ತುಂಬಿದ ಚಪ್ಪಟೆ ಲೋಹದ ಡಬ್ಬಿ, ಅದರ ಮೇಲೆ ಕೆಲವೇ ಮೈಕ್ರೊಫ್ಯಾರಡ್, ಎಸಿ ವೋಲ್ಟೇಜಿನಲ್ಲಿ ನಮೂದು, ಡಿಸಿ ಕಡೆಗೆ ಸಂಬಂಧವಿಲ್ಲದೆ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಎರಡು ತಂತಿ.

ಇಲ್ಲಿ ಎರಡು ಎಚ್ಚರಿಕೆ. ಈ ಬಗೆಯ ಸಪ್ಲೈ ವೋಲ್ಟೇಜಿನ ಏರಿಳಿತವನ್ನು ಸಹಿಸುತ್ತದೆ, ಆದರೆ ಆವರ್ತನ ಬದಲಾದರೆ ಸಹಿಸುವುದಿಲ್ಲ. ಅಮೆರಿಕದ 60 ಹರ್ಟ್ಜ್‌ಗೆಂದು ಕಟ್ಟಿದ್ದನ್ನು ನಮ್ಮ 50 ಹರ್ಟ್ಜ್‌ಗೆ ಹಾಕಿದರೆ ಹೊರಬರುವ ವೋಲ್ಟೇಜು ಆರನೆಯ ಒಂದು ಭಾಗದಷ್ಟು ಕುಸಿಯುತ್ತದೆ. ಇನ್ನೊಂದು, 1970ರ ದಶಕದ ಕೊನೆಯವರೆಗಿನ ಎಣ್ಣೆ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವ ಸಂಭವ ಉಂಟು. ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬಾರದು, ಒಡೆಯಬಾರದು.

ಮೂರನೆಯದು ಬೆರಕೆ ಬಗೆ. ಮುಂದೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಹಿಂದೆ ಸ್ವಿಚಿಂಗ್ ರೆಗ್ಯುಲೇಟರ್. ಆಗ ಹೇಳಿದ ಪಿಡಿಪಿ-11/40ರಲ್ಲಿ ಇರುವುದು ಇದೇ. ಎಚ್742 ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೂತು 20ರಿಂದ 30 ವೋಲ್ಟ್ ಎಸಿ ಕೊಡುತ್ತದೆ. ಅದರಿಂದ ಸಾಲಾಗಿ ಜೋಡಿಸಿದ ರೆಗ್ಯುಲೇಟರ್ ಘಟಕಗಳು ತಮಗೆ ಬೇಕಾದ್ದನ್ನು ಮಾಡಿಕೊಳ್ಳುತ್ತವೆ. ಎಚ್744 ಎಂದು ಬರೆದ ಘಟಕ 5 ವೋಲ್ಟ್, 25 ಆಂಪಿಯರ್ ಕೊಡುತ್ತದೆ. ಎಚ್745 ಮೈನಸ್ 15 ವೋಲ್ಟ್. ಎಚ್754 ಪ್ಲಸ್ 20 ಮತ್ತು ಮೈನಸ್ 5. ಘಟಕದ ಒಳಗೆ ನೋಡಿದರೆ, ವೇಗವಾಗಿ ತೆರೆದು ಮುಚ್ಚುವ ಟ್ರಾನ್ಸಿಸ್ಟರು, ಅದರ ಮುಂದೆ ತಾಮ್ರದ ತಂತಿ ಸುತ್ತಿದ ಒಂದು ಇಂಡಕ್ಟರ್. ಲೀನಿಯರಿನಲ್ಲಿ ಆ ಇಂಡಕ್ಟರ್ ಇರುವುದಿಲ್ಲ. ಇದೇ ವ್ಯತ್ಯಾಸ ಹಿಡಿಯಬೇಕು. ಒಂದು ಘಟಕ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬೇರೆಯದನ್ನು ಹಾಕಬಹುದು. ಕಲಿಯುವವರ ಕೈಗೆ ಇದಕ್ಕಿಂತ ಅನುಕೂಲವಾದದ್ದು ಯಾವುದಿದೆ?

ಇನ್ನು ಎರಡನೆಯ ವಂಶ. ಅದೇ ನಾವು ಇವತ್ತು ಎಲ್ಲೆಡೆ ಕಾಣುವ ಸ್ವಿಚ್ಡ್ ಮೋಡ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಇದರಲ್ಲಿ 230 ವೋಲ್ಟ್ ಎಸಿಯನ್ನು ಇಳಿಸದೆ ನೇರವಾಗಿ ಡಿಸಿ ಮಾಡುತ್ತಾರೆ. ಅದು ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದನ್ನು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ, ಅದಕ್ಕೂ ಹೆಚ್ಚು ಸಲ ಕತ್ತರಿಸಿ ಒಂದು ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತಾರೆ. ಗುರುತು: ಪೆಟ್ಟಿಗೆ ಹಗುರ, 200 ವೋಲ್ಟ್ ನಮೂದಿನ ಎರಡು ಕೆಪಾಸಿಟರುಗಳು ಜೋಡಿಯಾಗಿ, ಪಕ್ಕದಲ್ಲಿ 115 ಮತ್ತು 230ರ ನಡುವೆ ಬದಲಿಸುವ ಸ್ವಿಚ್ ಅಥವಾ ತಂತಿಯ ಕೊಂಡಿ. ಇದು ಪರ್ಸನಲ್ ಕಂಪ್ಯೂಟರಿನ ಜೊತೆ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹ್ಯೂಲೆಟ್ ಪ್ಯಾಕರ್ಡ್ 1971ರ ಹೊತ್ತಿಗೇ ತನ್ನ 2100 ಮಿನಿ ಕಂಪ್ಯೂಟರಿನಲ್ಲಿ ಸ್ವಿಚಿಂಗ್ ಸಪ್ಲೈ ಹಾಕಿತ್ತು.

ಆ 115-230 ಸ್ವಿಚ್ಚಿನ ಮೇಲೆ ಕಣ್ಣಿರಲಿ. 115ರ ಕಡೆ ಇದ್ದರೆ ಆ ಎರಡು ಕೆಪಾಸಿಟರುಗಳು ವೋಲ್ಟೇಜನ್ನು ಇಮ್ಮಡಿ ಮಾಡುವ ಹಾಗೆ ಜೋಡಣೆಯಾಗಿರುತ್ತವೆ. ಅದೇ ಸ್ಥಿತಿಯಲ್ಲಿ ನಮ್ಮ 230 ವೋಲ್ಟ್ ಕೊಟ್ಟರೆ ಒಳಗೆ 650 ವೋಲ್ಟ್ ಏಳುತ್ತದೆ. ಕೆಪಾಸಿಟರ್ ಸಿಡಿಯುತ್ತದೆ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಮೀಟರಿನಲ್ಲಿ ನೋಡಿ, ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮತ್ತೊಮ್ಮೆ ಅಳೆದು ಆಮೇಲೆ ಕೈ ಹಾಕಬೇಕು.

ಈಗ ಈ ಎಲ್ಲದರ ಹಿಂದಿರುವ ಒಂದು ನಿಯಮ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರಿಗೆ ಬೇಕಾಗುವ ಕಬ್ಬಿಣ ಮತ್ತು ತಾಮ್ರ, ಆವರ್ತನ ಏರಿದಷ್ಟೂ ಕಡಿಮೆಯಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದಾಗ ಅದು 25 ಹರ್ಟ್ಜ್. ಆಮೇಲೆ ನಾಡಿನಾದ್ಯಂತ 50 ಹರ್ಟ್ಜ್ ಬಂತು. ವಿಮಾನದಲ್ಲಿ ತೂಕವೇ ಶತ್ರು; ಆದ್ದರಿಂದ ದೊಡ್ಡ ವಿಮಾನಗಳಲ್ಲಿ 115 ವೋಲ್ಟ್, 400 ಹರ್ಟ್ಜ್ ಎಸಿ ಬಳಸುತ್ತಾರೆ. 50ರ ಎಂಟು ಪಟ್ಟು. ಅಲ್ಲಿಯ ಟ್ರಾನ್ಸ್‌ಫಾರ್ಮರು, ಮೋಟಾರು ಅಷ್ಟರಮಟ್ಟಿಗೆ ಚಿಕ್ಕವು. ಚಿಕ್ಕ ಹೆಲಿಕಾಪ್ಟರುಗಳಲ್ಲಿ ಮುಖ್ಯವಾಗಿ 28 ವೋಲ್ಟ್ ಡಿಸಿ ಇರುತ್ತದೆ. 400 ಹರ್ಟ್ಜ್ ಬೇಕಾದ ಉಪಕರಣಕ್ಕೆ ಇನ್ವರ್ಟರ್ ಇಡುತ್ತಾರೆ. ಐಬಿಎಂನ ದೊಡ್ಡ 370 ಮಾದರಿಗಳು, ಕ್ರೇ-1 ಸೂಪರ್ ಕಂಪ್ಯೂಟರು ಇದೇ ದಾರಿ ಹಿಡಿದವು. ಪಕ್ಕದ ಕೋಣೆಯಲ್ಲಿ ಒಂದು ಮೋಟಾರು, ಅದು ತಿರುಗಿಸುವ ಒಂದು ಜನರೇಟರು, ಅದರಿಂದ ಕಂಪ್ಯೂಟರಿಗೆ 400 ಹರ್ಟ್ಜ್ ಆಸುಪಾಸಿನ ವಿದ್ಯುತ್ತು. ಎಸ್‌ಎಂಪಿಎಸ್ ಇದೇ ತತ್ತ್ವವನ್ನು ಇಪ್ಪತ್ತು ಸಾವಿರ ಹರ್ಟ್ಜ್‌ವರೆಗೆ ಕೊಂಡೊಯ್ದಿತು. ಎರಡು ಕೈಯಲ್ಲಿ ಎತ್ತಲಾಗದ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಕೂರುವಂತಾಯಿತು. ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರನ್ನೂ ನಿಮ್ಮ ಕಾಲೇಜಿನ ಸ್ಟೋರಿನಲ್ಲಿರುವ ಹಳೆಯ ಯಂತ್ರವನ್ನೂ ಒಂದೇ ನಿಯಮ ಆಳುತ್ತಿದೆ. ಒಂದನ್ನು ಬಲ್ಲವನಿಗೆ ಇನ್ನೊಂದು ಅಪರಿಚಿತವಲ್ಲ.

ಯಂತ್ರದ ಫಲಕದ ಮೇಲೆ 400 ಅಥವಾ 415 ಹರ್ಟ್ಜ್ ಎಂದು ಬರೆದಿದ್ದರೆ ಅದನ್ನು ಗೋಡೆಯ ಪ್ಲಗ್ಗಿಗೆ ಎಂದಿಗೂ ಹಾಕಬಾರದು. ಆ ಪುಟ್ಟ ತಿರುಳು 50 ಹರ್ಟ್ಜ್ ತಡೆಯದು, ಸುಟ್ಟುಹೋಗುತ್ತದೆ. 60 ಹರ್ಟ್ಜ್ ಎಂದು ಮಾತ್ರ ಬರೆದ ಟ್ರಾನ್ಸ್‌ಫಾರ್ಮರಿನ ವಿಷಯದಲ್ಲೂ ಹುಷಾರಾಗಿರಬೇಕು. 50ರಲ್ಲಿ ಅದರ ತಿರುಳಿನ ಮೇಲೆ ಶೇಕಡ 20ರಷ್ಟು ಹೆಚ್ಚು ಕಾಂತೀಯ ಹೊರೆ ಬೀಳುತ್ತದೆ. 50/60 ಎಂದು ಎರಡೂ ಬರೆದಿದ್ದರೆ ಆವರ್ತನದ ಚಿಂತೆಯಿಲ್ಲ.

ಫಲಕದಂತೆಯೇ ಒಳಗಿನ ವೋಲ್ಟೇಜುಗಳೂ ಮಾತಾಡುತ್ತವೆ. ಹೆಚ್ಚು ಆಂಪಿಯರಿನ 5 ವೋಲ್ಟ್ ಇದ್ದರೆ ಅದು ಟಿಟಿಎಲ್ ಚಿಪ್ಪುಗಳ ಕಾಲದ್ದು. ಜೊತೆಗೆ ಮೈನಸ್ 15 ಅಥವಾ ಪ್ಲಸ್ 20 ಇದ್ದರೆ ಫೆರೈಟ್ ಉಂಗುರ ಪೋಣಿಸಿದ ಕೋರ್ ಮೆಮೊರಿ ಇರುವ ಸಾಧ್ಯತೆ ಹೆಚ್ಚು. ಪ್ಲಸ್ 12, ಪ್ಲಸ್ 5, ಮೈನಸ್ 5 ಈ ಮೂರೂ ಒಟ್ಟಿಗೆ ಕಂಡರೆ 1970ರ ದಶಕದ ಇಂಟೆಲ್ 8080 ಅಥವಾ 4116 ಮೆಮೊರಿ ಚಿಪ್ಪುಗಳನ್ನು ನಿರೀಕ್ಷಿಸಿ. ಆ 4116ರ ವಿಷಯದಲ್ಲಿ ಒಂದು ಶಿಸ್ತು ಇದೆ: ಮೈನಸ್ 5 ಮೊದಲು ಬರಬೇಕು, ಕೊನೆಗೆ ಹೋಗಬೇಕು. ಮೈನಸ್ 5 ಇಲ್ಲದೆ ಪ್ಲಸ್ 12 ಬಂದರೆ ಚಿಪ್ಪು ಹಾಳಾಗುತ್ತದೆ. ಮೈನಸ್ 5.2 ವೋಲ್ಟ್ ಕಂಡರೆ ಅದು ಇಸಿಎಲ್ ಎಂಬ ಅತಿ ವೇಗದ ಚಿಪ್ಪುಗಳ ಯಂತ್ರ. ಡೆಕ್-1090 ಆ ಜಾತಿಯದು. ಬರೀ 5 ವೋಲ್ಟಿನಲ್ಲಿ ಇಂಟೆಲ್ ಪ್ರೊಸೆಸರ್ ಚಿಪ್ಪು ಓಡುತ್ತಿದೆ ಎಂದರೆ 8085, 8086 ಬಂದ ಮೇಲಿನ ಕಾಲ.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ಶರಾವತಿಯ ನೀರನ್ನೇ ನಂಬಿದ್ದ ಎಪ್ಪತ್ತು ಎಂಬತ್ತರ ದಶಕದ ಕರ್ನಾಟಕದಲ್ಲಿ ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ ಖಾಯಂ. ಮಿನಿ ಕಂಪ್ಯೂಟರು ಇದಕ್ಕೆ ಹೇಗೆ ಸಿದ್ಧವಾಗಿತ್ತು ಎಂಬುದನ್ನು ಹತ್ತಿರದಿಂದ ನೋಡಿ. ಪಿಡಿಪಿ-11ರ ಪವರ್ ಸಪ್ಲೈ 5 ವೋಲ್ಟ್ ಕೊಟ್ಟು ಸುಮ್ಮನಿರುವುದಿಲ್ಲ. ಅದರಿಂದ ಎರಡು ಸಂಕೇತದ ತಂತಿಗಳೂ ಹೊರಡುತ್ತವೆ: ಎಸಿ ಲೋ ಮತ್ತು ಡಿಸಿ ಲೋ. ಗೋಡೆಯ ಕರೆಂಟು ಹೋದ ಕೂಡಲೇ ಮೊದಲನೆಯದು ಪ್ರೊಸೆಸರಿಗೆ ಸುದ್ದಿ ಮುಟ್ಟಿಸುತ್ತದೆ. ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತಿನ ಬಲದಿಂದ ಪ್ರೊಸೆಸರಿಗೆ ಇನ್ನೂ ಒಂದೆರಡು ಮಿಲಿಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಅದು ತನ್ನ ರಿಜಿಸ್ಟರುಗಳಲ್ಲಿ ಇದ್ದುದನ್ನೆಲ್ಲ ಕೋರ್ ಮೆಮೊರಿಯಲ್ಲಿ ಬರೆದಿಟ್ಟು ನಿಲ್ಲುತ್ತದೆ. ಆಮೇಲೆ ಎರಡನೆಯ ಸಂಕೇತ ಎಲ್ಲವನ್ನೂ ಸ್ಥಗಿತಗೊಳಿಸುತ್ತದೆ. ಕೋರ್ ಮೆಮೊರಿ ಕಾಂತದ ಮೇಲೆ ನಿಂತದ್ದು, ಕರೆಂಟಿಲ್ಲದೆಯೂ ನೆನಪಿಟ್ಟುಕೊಳ್ಳುತ್ತದೆ. ಕರೆಂಟು ಬಂದಾಗ ಬಿಟ್ಟ ಜಾಗದಿಂದಲೇ ಕೆಲಸ ಮುಂದುವರಿಯುತ್ತದೆ. ಹಳೆಯ ಯಂತ್ರ ದುರಸ್ತಿ ಮಾಡುವಾಗ ವೋಲ್ಟೇಜು ಎಲ್ಲ ಸರಿಯಿದ್ದೂ ಯಂತ್ರ ಎದ್ದೇಳದಿದ್ದರೆ ಮೊದಲು ಈ ಎರಡು ತಂತಿಗಳನ್ನು ನೋಡಬೇಕು.

ಇನ್ನು ಜೊತೆಗಿನ ಉಪಕರಣಗಳು, ಅಂದರೆ ಡಿಸ್ಕು, ಟೇಪು, ಟರ್ಮಿನಲ್ಲು, ಪ್ರಿಂಟರು. ಇವುಗಳಲ್ಲಿ ಪವರ್ ಸಪ್ಲೈ ಜೊತೆಗೆ ಮೋಟಾರನ್ನೂ ಗುರುತಿಸಬೇಕು.

ಎಂಟು ಇಂಚಿನ ಫ್ಲಾಪಿ ಡ್ರೈವನ್ನೇ ತೆಗೆದುಕೊಳ್ಳಿ. ತಲೆಕೆಳಗಾಗಿ ಹಿಡಿದು ನೋಡಿದರೆ ಒಂದು ಎಸಿ ಮೋಟಾರು, ಅದರ ಅಚ್ಚಿಗೆ ಒಂದು ಪುಟ್ಟ ರಾಟೆ, ಅದರಿಂದ ದೊಡ್ಡ ರಾಟೆಗೆ ಒಂದು ಬೆಲ್ಟು. ಡಿಸ್ಕು ನಿಮಿಷಕ್ಕೆ 360 ಸುತ್ತು ತಿರುಗಬೇಕು. ಮೋಟಾರಿನ ವೇಗ ಲೈನಿನ ಆವರ್ತನವನ್ನೇ ಹಿಂಬಾಲಿಸುತ್ತದೆ. ಆದ್ದರಿಂದ 50 ಹರ್ಟ್ಜ್ ದೇಶಕ್ಕೆ ಒಂದು ಅಳತೆಯ ರಾಟೆ, 60 ಹರ್ಟ್ಜ್ ದೇಶಕ್ಕೆ ಇನ್ನೊಂದು ಅಳತೆಯದು. 60ರ ರಾಟೆ ಇರುವ ಡ್ರೈವನ್ನು ಇಲ್ಲಿ ಓಡಿಸಿದರೆ ಡಿಸ್ಕು 300 ಸುತ್ತೇ ತಿರುಗುತ್ತದೆ. ಓದುವುದಿಲ್ಲ, ಬರೆಯುವುದಿಲ್ಲ. ಡ್ರೈವು ಕೆಟ್ಟಿದೆ ಎಂದು ಗುಜರಿಗೆ ಹೋಗುತ್ತದೆ. ಕೆಟ್ಟಿರುವುದು ಏನೂ ಇಲ್ಲ, ರಾಟೆ ಬದಲಿಸಬೇಕಿತ್ತು ಅಷ್ಟೆ. ಎಎಸ್‌ಆರ್-33 ಟೆಲಿಟೈಪ್ ಯಂತ್ರದಲ್ಲೂ ಇದೇ ಕಥೆ. ಸೆಕೆಂಡಿಗೆ 10 ಅಕ್ಷರ ಹೊಡೆಯಬೇಕಾದ್ದು ತಪ್ಪು ಗೇರಿನಿಂದಾಗಿ ಎಂಟು ಚಿಲ್ಲರೆ ಹೊಡೆಯುತ್ತದೆ. ಕಂಪ್ಯೂಟರಿಗೆ ಅದರ ಮಾತು ಅರ್ಥವಾಗುವುದಿಲ್ಲ.

ಪಿಡಿಪಿ-11ರ ಜೊತೆ ಬರುತ್ತಿದ್ದ ಆರ್‌ಕೆ05 ಡಿಸ್ಕ್ ಡ್ರೈವಿನಲ್ಲಿ ಹಿಡಿಸುತ್ತಿದ್ದುದು 2.5 ಮೆಗಾಬೈಟ್. ಅದರೊಳಗೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಒಂದು ಚಿಕ್ಕ ಕಟ್ಟು ಇರುತ್ತದೆ. ಕರೆಂಟು ಹೋದಾಗ ಓದುವ ತಲೆ ತಿರುಗುವ ತಟ್ಟೆಯ ಮೇಲೆ ಬೀಳದ ಹಾಗೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಆ ಬ್ಯಾಟರಿಯ ಕೆಲಸ. ಹಳೆಯ ಡ್ರೈವುಗಳಲ್ಲಿ ಆ ಬ್ಯಾಟರಿ ಸತ್ತೇ ಇರುತ್ತದೆ. ಸೋರಿ ಸುತ್ತಲಿನ ತಾಮ್ರವನ್ನೂ ತಿಂದಿರಬಹುದು. ಅದನ್ನು ಬದಲಿಸದೆ ಡ್ರೈವನ್ನು ಓಡಿಸಬಾರದು.

ಪ್ರಿಂಟರಿನ ವಿಷಯಕ್ಕೆ ಬಂದರೆ ನಾವು ಬೇರೆ ಊರಿಗೆ ಹೋಗಬೇಕಿಲ್ಲ. ತುಮಕೂರಿನಲ್ಲೇ ಟಿವಿಎಸ್ ಎಲೆಕ್ಟ್ರಾನಿಕ್ಸ್ ಕಂಪನಿಯ ಕಾರ್ಖಾನೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳನ್ನು ತಯಾರಿಸುತ್ತಿತ್ತು. ಬ್ಯಾಂಕು, ಸಹಕಾರ ಸಂಘ, ಸರ್ಕಾರಿ ಕಚೇರಿಗಳಲ್ಲಿ ಆ ಪ್ರಿಂಟರುಗಳ ಕರಕರ ಸದ್ದು ಕೇಳದವರು ಕಡಿಮೆ. ಇಂಥ ಪ್ರಿಂಟರುಗಳಲ್ಲಿ ಎರಡು ಬಗೆಯ ಹಸಿವು ಇರುತ್ತದೆ. ತರ್ಕದ ಚಿಪ್ಪುಗಳಿಗೆ ಸ್ಥಿರವಾದ 5 ವೋಲ್ಟ್ ಬೇಕು. ಸೂಜಿಗಳನ್ನು ಹೊಡೆಯುವ ಸುರುಳಿಗಳಿಗೆ, ತಲೆಯನ್ನು ಓಡಿಸುವ ಮೋಟಾರಿಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ವೋಲ್ಟೇಜು, ಒಮ್ಮೊಮ್ಮೆ ಒಮ್ಮೆಲೇ ಹೆಚ್ಚು ಕರೆಂಟು ಬೇಕು. ಅಕ್ಷರ ಮಸುಕಾಗಿ ಬಿದ್ದರೆ ರಿಬ್ಬನ್ ಬದಲಿಸಿ ನೋಡುತ್ತೇವೆ. ಆಮೇಲೂ ಮಸುಕಾದರೆ ಆ ಎರಡನೆಯ ವೋಲ್ಟೇಜಿನ ಕೆಪಾಸಿಟರನ್ನು ಅಳೆಯಬೇಕು.

ಬಗೆ ಗೊತ್ತಾಯಿತು ಎನ್ನಿ. ಈಗ ಕರೆಂಟು ಕೊಡುವ ಕ್ರಮ. ಮೊದಲು ಸಪ್ಲೈಯನ್ನು ಕಂಪ್ಯೂಟರಿನ ಬೋರ್ಡುಗಳಿಂದ ಬಿಡಿಸಿ. ಅರ್ಥಿಂಗ್ ಸರಿಯಿದೆಯೇ ನೋಡಿ. ಲೀನಿಯರ್ ಆದರೆ ಲ್ಯಾಬಿನ ಡಿಮ್ಮರ್‌ಸ್ಟಾಟ್ ಮೂಲಕ ನಿಧಾನವಾಗಿ ವೋಲ್ಟೇಜ್ ಏರಿಸಿ. ಬಹುಕಾಲ ಸುಮ್ಮನಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಪದರ ತೆಳ್ಳಗಾಗಿರುತ್ತದೆ. ನಿಧಾನವಾಗಿ ಏರಿಸಿದರೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಎಸ್‌ಎಂಪಿಎಸ್‌ಗೆ ಈ ಉಪಾಯ ನಡೆಯದು. ವೋಲ್ಟೇಜ್ ಕಡಿಮೆಯಾದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ. ನಿಧಾನ ಏರಿಕೆಯೇ ಅದಕ್ಕೆ ಅಪಾಯ. ಅದರ ಕೆಪಾಸಿಟರುಗಳನ್ನು ಬಿಚ್ಚಿ ಬೇರೆಯಾಗಿ ಪರೀಕ್ಷಿಸಿ, ಆಮೇಲೆ ಪೂರ್ಣ ವೋಲ್ಟೇಜ್ ಕೊಡಬೇಕು. ಜೊತೆಗೆ ಎಸ್‌ಎಂಪಿಎಸ್‌ಗೆ ಲೋಡು ಬೇಕು. ಕಾರಿನ ಬಲ್ಬೋ ಹೆಚ್ಚು ವ್ಯಾಟಿನ ರೆಸಿಸ್ಟರೋ ಕಟ್ಟದಿದ್ದರೆ ಹಲವು ಸಪ್ಲೈಗಳು ಶುರುವೇ ಆಗುವುದಿಲ್ಲ. ಶುರುವಾಗಲಿಲ್ಲವೆಂದು ಒಳ್ಳೆಯದನ್ನೇ ಕೆಟ್ಟದೆಂದು ಎಸೆಯುವವರಿದ್ದಾರೆ.

ಹೊರಬರುವ ಪ್ರತಿಯೊಂದು ವೋಲ್ಟೇಜನ್ನೂ ಅಳೆದು ಬರೆದುಕೊಳ್ಳಿ. ಟಿಟಿಎಲ್ ಚಿಪ್ಪುಗಳು 7 ವೋಲ್ಟ್ ಮೀರಿದರೆ ಉಳಿಯುವುದಿಲ್ಲ. ಅದಕ್ಕಾಗಿಯೇ ಹಲವು ಸಪ್ಲೈಗಳಲ್ಲಿ ಕ್ರೋಬಾರ್ ಎಂಬ ಕಾವಲು ಇದೆ. ವೋಲ್ಟೇಜ್ ಮಿತಿ ದಾಟಿದರೆ ಅದು ತಾನೇ ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ಮತ್ತೆ ಮತ್ತೆ ಫ್ಯೂಸ್ ಹಾರುತ್ತಿದ್ದರೆ ದಪ್ಪ ತಂತಿ ಕಟ್ಟುವ ನಮ್ಮ ಊರಿನ ಅಭ್ಯಾಸವನ್ನು ಇಲ್ಲಿ ಮಾಡಲೇಬೇಡಿ. ಫ್ಯೂಸ್ ಹಾರುವುದೇ ಬೋರ್ಡುಗಳನ್ನು ಉಳಿಸಿದ ಗುರುತು. ಎಲ್ಲ ವೋಲ್ಟೇಜೂ ಸರಿ ಬಂದ ಮೇಲೆಯೇ ಬೋರ್ಡುಗಳನ್ನು ಒಂದೊಂದಾಗಿ ಜೋಡಿಸಿ. ಮೊದಲ ಸಲ ಮಾಡುವವರು ಅನುಭವಿಗಳ ಎದುರಿಗೇ ಮಾಡಿ. ಒಬ್ಬರೇ ಕೂತು ಈ ಕೆಲಸ ಮಾಡಬಾರದು.

ಕಾಲೇಜುಗಳ ಪ್ರಾಂಶುಪಾಲರಲ್ಲಿ, ಕಾರ್ಖಾನೆಗಳ ಸ್ಟೋರ್ ನೋಡಿಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಅದರ ಫಲಕದ ಫೋಟೊ ತೆಗೆಸಿ. ವೋಲ್ಟೇಜು, ಆವರ್ತನ, ಪವರ್ ಸಪ್ಲೈ ಬಗೆ, ಮಾದರಿ ಸಂಖ್ಯೆ ಒಂದು ಹಾಳೆಯಲ್ಲಿ ಬರೆಸಿ. ಸರ್ಕ್ಯೂಟ್ ಚಿತ್ರಗಳ ಪುಸ್ತಕ ಇದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಯಂತ್ರಕ್ಕಿಂತ ಆ ಪುಸ್ತಕ ಅಪರೂಪ. ಒಂದಾದರೂ ಲೀನಿಯರ್, ಒಂದಾದರೂ ಸಿವಿಟಿ, ಒಂದಾದರೂ ಹಳೆಯ ಎಸ್‌ಎಂಪಿಎಸ್ ಬಿಚ್ಚಿ, ಭಾಗಗಳಿಗೆ ಹೆಸರು ಬರೆದು ಲ್ಯಾಬಿನಲ್ಲಿ ಇಡಿಸಿ. ಇಡೀ ಯಂತ್ರ ಉಳಿಸುವಂಥದ್ದಾದರೆ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂಥ ಕಡೆ ವಿಚಾರಿಸಿ. ಉಳಿಸಲಾಗದ್ದನ್ನು ನೋಂದಾಯಿತ ಇ-ತ್ಯಾಜ್ಯ ಘಟಕಕ್ಕೇ ಕೊಡಿ. ಕಾನೂನೂ ಅದನ್ನೇ ಹೇಳುತ್ತದೆ.

ಈ ಯಂತ್ರಗಳ ಮೇಲೆ ಕೆಲಸ ಮಾಡಿ ನಿವೃತ್ತರಾದ ಹಿರಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರಿಗೂ ಒಂದು ಮಾತು: ಸ್ವಾಮಿ, ನಿಮ್ಮ ಕೈಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಇಲ್ಲ. ಹತ್ತಿರದ ಐಟಿಐಗೆ ಒಂದು ಮಧ್ಯಾಹ್ನ ಹೋಗಿ ಬನ್ನಿ. ಮಕ್ಕಳ ಮುಂದೆ ಒಂದು ಪವರ್ ಸಪ್ಲೈ ಬಿಚ್ಚಿ ತೋರಿಸಿ. ವಿದ್ಯಾರ್ಥಿಗಳೇ, ನೀವೂ ಅವರನ್ನು ಹುಡುಕಿಕೊಂಡು ಹೋಗಿ ಕಲಿತುಕೊಳ್ಳಿ. ನಾಳೆ ಹೆಲಿಕಾಪ್ಟರಿನ ಎದುರು ನಿಂತಾಗಲೂ ನಿಮ್ಮ ಮೊದಲ ಪ್ರಶ್ನೆ ಇದೇ ಆಗಿರಲಿ: ವಿದ್ಯುತ್ತು ಎಲ್ಲಿಂದ ಬರುತ್ತಿದೆ, ಮೊದಲು ಎಲ್ಲಿಗೆ ಹೋಗುತ್ತಿದೆ? ಉತ್ತರ ಸಿಕ್ಕಿದ ಮೇಲೆಯೇ ಸ್ವಿಚ್ ಹಾಕಿ.